ಅರಿಜೋನಾದಲ್ಲಿ ಯುಗಾದಿ: ಪಂಚಾಂಗದಿಂದ ಹೋಳಿಗೆವರೆಗೆ

ಅರಿಜೋನಾ ಅಂದರೆ ಮರಳುಗಾಡು, ಅಷ್ಟೇ ಅನ್ನುವವರು ಯುಗಾದಿ ದಿನ ಅಲ್ಲಿ ಹೋಳಿಗೆ ತಟ್ಟಲು ಕೂರಬೇಕು. 1912ರ ಫೆಬ್ರವರಿ 14ರಂದು 48ನೆಯದಾಗಿ ಅಮೆರಿಕಕ್ಕೆ ಸೇರಿದ ರಾಜ್ಯ ಇದು. ಫೀನಿಕ್ಸ್ ಸುಮಾರು 1,100 ಅಡಿ ಎತ್ತರದಲ್ಲಿದ್ದರೆ, ಕಾರಿನಲ್ಲಿ ಎರಡೂವರೆ ಗಂಟೆ ಉತ್ತರಕ್ಕಿರುವ ಫ್ಲ್ಯಾಗ್‌ಸ್ಟಾಫ್ ಹತ್ತಿರಹತ್ತಿರ 7,000 ಅಡಿ. ಯುಗಾದಿ ಹೊತ್ತಿಗೆ ಕೆಳಗೆ ಫ್ಯಾನ್ ತಿರುಗುತ್ತಿರುತ್ತದೆ, ಮೇಲೆ ಹಿಮ ಬಿದ್ದರೂ ಬಿದ್ದೀತು. ತಾಮ್ರ, ದನ, ಹತ್ತಿ, ಕಿತ್ತಳೆ-ನಿಂಬೆ, ಹವೆ, ಈ ಐದರಿಂದ ರಾಜ್ಯ ಬೆಳೆಯಿತು ಅಂತ ಅಲ್ಲಿನ ಶಾಲೆಗಳಲ್ಲಿ ಕಲಿಸುತ್ತಾರೆ. ನಮ್ಮವರ ಮಟ್ಟಿಗೆ ಆರನೆಯದೂ ಒಂದಿದೆ: ಚಿಪ್ ಕಾರ್ಖಾನೆ. ಚಾಂಡ್ಲರ್ ಸುತ್ತ ಕನ್ನಡದ ಮನೆಗಳು ಸಿಗುವುದಕ್ಕೆ ಅದೂ ಒಂದು ಕಾರಣ.

ಮೊದಲು ದಿನ ಗೊತ್ತುಮಾಡಿಕೊಳ್ಳಬೇಕು. ಅಮೆರಿಕದ ಬಹುಪಾಲು ಕಡೆ ಮಾರ್ಚ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಅರಿಜೋನಾದಲ್ಲಿ ಇಲ್ಲ. ಸಂಜೆಯೂ ಸುಡುವ ಊರಿಗೆ ಇನ್ನೊಂದು ಗಂಟೆ ಬಿಸಿಲು ಯಾರಿಗೆ ಬೇಕು? (ನವಾಹೊ ಬುಡಕಟ್ಟಿನ ಸೀಮೆ ಮಾತ್ರ ಬದಲಾಯಿಸಿಕೊಳ್ಳುತ್ತದೆ.) ಇದರಿಂದ ನಮಗೆ ಲಾಭ: ಭಾರತದ ಸಮಯದಿಂದ ವರ್ಷವಿಡೀ ಹನ್ನೆರಡೂವರೆ ಗಂಟೆ ಕಳೆದರೆ ಸಾಕು. ಆದರೆ ಬೆಂಗಳೂರಿನ ತಾರೀಖನ್ನೇ ಹಿಡಿದರೆ ಕೆಲವು ವರ್ಷ ತಪ್ಪುತ್ತದೆ. ಸೂರ್ಯೋದಯಕ್ಕೆ ಪಾಡ್ಯ ಇರಬೇಕು, ಅದೂ ನಾವಿರುವ ಊರಿನ ಸೂರ್ಯೋದಯಕ್ಕೆ. 2025ರಲ್ಲಿ ಪಾಡ್ಯ ಹಿಡಿದದ್ದು ಭಾರತದಲ್ಲಿ ಮಾರ್ಚ್ 29ರ ಸಂಜೆ ಸುಮಾರು ನಾಲ್ಕೂವರೆಗೆ. ಹಾಗಾಗಿ ಹಬ್ಬ 30ಕ್ಕೆ. ಅದೇ ಗಳಿಗೆ ಫೀನಿಕ್ಸಿನಲ್ಲಿ 29ರ ಬೆಳಗಿನ ಜಾವ ನಾಲ್ಕರ ಸುಮಾರು. ಅವತ್ತು ಆರೂಕಾಲರ ಹೊತ್ತಿಗೆ ಸೂರ್ಯ ಹುಟ್ಟುವಾಗ ಪಾಡ್ಯ ಇತ್ತು, ಮರುದಿನ ಹುಟ್ಟುವಷ್ಟರಲ್ಲಿ ಬಿದಿಗೆ. ಅಂದರೆ ಅಲ್ಲಿ ಹಬ್ಬ 29ಕ್ಕೇ.

ತೋರಣದ ವಿಷಯದಲ್ಲಿ ಒಂದು ಎಚ್ಚರಿಕೆ. ಮಾವಿನ ಗಿಡ ಸಾಕಿಕೊಂಡವರು ಫೀನಿಕ್ಸಿನಲ್ಲಿ ಇದ್ದಾರೆ, ಕಡಿಮೆ. ಬೇಲಿಯುದ್ದಕ್ಕೂ ಸಿಗುವುದು ಕಣಗಿಲೆ. ಅದರ ಎಲೆಯೂ ಉದ್ದ, ದಪ್ಪ, ನಡುವೆ ಬಿಳಿಯ ನರ. ದೂರದಿಂದ ಎಳೆ ಮಾವಿನೆಲೆಯಂತೆಯೇ ಕಾಣುತ್ತದೆ. ಇಡೀ ಗಿಡವೇ ವಿಷ. ಬಾಗಿಲಿಗೆ ಕಟ್ಟುವುದೂ ಬೇಡ, ಕಲಶದ ನೀರಿಗಂತೂ ತಾಗಲೇಬಾರದು, ಆ ನೀರು ಕೊನೆಗೆ ತೀರ್ಥವಾಗುತ್ತದೆ. ಮುರಿದು ಮೂಸಿ ನೋಡಿ: ಮಾವಿನೆಲೆಗೆ ಮಾವಿನಕಾಯಿ ವಾಸನೆ ಇದ್ದೇ ಇರುತ್ತದೆ. ಇಲ್ಲದಿದ್ದರೆ ಹಿತ್ತಲಿನ ಕಿತ್ತಳೆ ಎಲೆಯೇ ಮೇಲು. ಯಾವ ಎಲೆಯಾದರೂ ಹಿಂದಿನ ರಾತ್ರಿ ಪೋಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬೆಳಿಗ್ಗೆ ಕಟ್ಟಿ. ಅಲ್ಲಿಯ ಗಾಳಿಗೆ ಮಧ್ಯಾಹ್ನದೊಳಗೆ ಸುರುಳಿ ಸುತ್ತಿಕೊಳ್ಳುತ್ತದೆ.

ಬೇವಿಗೂ ಇಂಥದೇ ಕಾಟ. ಬೇವು ಆ ಬಿಸಿಲಿಗೆ ಒಗ್ಗುತ್ತದೆ. ಎಳೆ ಗಿಡಕ್ಕೆ ಚಳಿಗಾಲದ ಹೆಪ್ಪುಗಟ್ಟುವ ರಾತ್ರಿಗಳು ಆಗಿಬರುವುದಿಲ್ಲ, ಕುಂಡದಲ್ಲಿಟ್ಟು ಒಳಗೆ ತರಬೇಕು. ಬೀದಿಯಲ್ಲಿ ಕಾಣುವುದು ಹೆಚ್ಚಾಗಿ ಹುಚ್ಚುಬೇವು. ಬೇವಿನ ಕಡ್ಡಿಯಲ್ಲಿ ಎಲೆಗಳು ನೇರವಾಗಿ ಎರಡೂ ಬದಿಗೆ ಕೂತಿರುತ್ತವೆ. ಹುಚ್ಚುಬೇವಿನ ಕಡ್ಡಿ ಮತ್ತೆ ಕವಲೊಡೆದು ಆಮೇಲೆ ಎಲೆ ಬಿಡುತ್ತದೆ. ಹೂವೂ ಬಿಳಿಯಲ್ಲ, ತಿಳಿ ನೇರಳೆ. ಅದು ತಿನ್ನುವಂಥದ್ದಲ್ಲ, ಕಾಯಿಯಂತೂ ವಿಷ. ಅನುಮಾನ ಬಂದರೆ ಭಾರತೀಯ ಅಂಗಡಿಯ ಒಣ ಬೇವಿನ ಹೂವು ತನ್ನಿ. ಒಂದು ಚಮಚ ಹೂವನ್ನು ತುಪ್ಪದಲ್ಲಿ ಕಂದುವವರೆಗೆ ಹುರಿದು ಅರ್ಧ ಬಟ್ಟಲು ಬೆಲ್ಲದ ಪುಡಿಗೆ ಕಲಸಿದರೆ ಮನೆಮಂದಿಗೆಲ್ಲ ಸಾಕು. ಊರಿಂದ ಹಸಿ ಸೊಪ್ಪು ಪೆಟ್ಟಿಗೆಯಲ್ಲಿ ತಂದರೆ ವಿಮಾನನಿಲ್ದಾಣದಲ್ಲೇ ಕಸದ ಬುಟ್ಟಿ ಸೇರುತ್ತದೆ. ಹೇಳದೆ ತಂದರೆ ದಂಡ ಬೇರೆ.

ಎಣ್ಣೆ ಸ್ನಾನಕ್ಕೆ ಅಂಥ ಅಡ್ಡಿಯಿಲ್ಲ. ಸ್ನಾನದ ತೊಟ್ಟಿ ಜಾರುತ್ತದೆ, ರಬ್ಬರ್ ಚಾಪೆ ಹಾಕಿಕೊಳ್ಳಿ.

ಇನ್ನು ಹೋಳಿಗೆ. ಒಂದು ಲೋಟ ಕಡಲೆಬೇಳೆ, ಒಂದು ಲೋಟ ಬೆಲ್ಲದ ಪುಡಿ, ಮುಕ್ಕಾಲು ಲೋಟ ಮೈದಾ, ಕಾಲು ಲೋಟ ಚಿರೋಟಿ ರವೆ, ಚಿಟಿಕೆ ಅರಿಸಿನ, ಕಾಲು ಲೋಟ ಎಣ್ಣೆ. ಅಳತೆ ಊರಿನದೇ, ಕೆಡುವುದು ನೀರಿನಿಂದ. ಫೀನಿಕ್ಸ್ ಕುಡಿಯುವುದು ಸಾಲ್ಟ್ ನದಿಯದ್ದನ್ನು, ಮತ್ತೆ 336 ಮೈಲಿ ಉದ್ದದ ಕಾಲುವೆಯಲ್ಲಿ ಬರುವ ಕೊಲೊರಾಡೊ ನದಿಯದ್ದನ್ನು. ಎರಡೂ ಸುಣ್ಣದಂಶದ ಗಡಸು ನೀರು. ಅದರಲ್ಲಿ ಬೇಳೆ ಎಷ್ಟು ಬೇಯಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ, ಹೂರಣದಲ್ಲಿ ತರಿ ನಿಲ್ಲುತ್ತದೆ, ಲಟ್ಟಿಸುವಾಗ ಆ ತರಿ ಕಣಕವನ್ನು ಹರಿಯುತ್ತದೆ. ನೆನೆಸಲೂ ಬೇಯಿಸಲೂ ಫಿಲ್ಟರ್ ನೀರೇ ಇರಲಿ. ಗ್ಯಾಲನ್ ಲೆಕ್ಕದಲ್ಲಿ ನೀರು ಮಾರುವ ಅಂಗಡಿಗಳು ಅಲ್ಲಿ ಬೇಕಾದಷ್ಟಿವೆ. ಫ್ಲ್ಯಾಗ್‌ಸ್ಟಾಫಿನಲ್ಲಿ ತೊಂದರೆ ಬೇರೆ: ನೀರು ಸುಮಾರು 93 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದನ್ನು ಕಾಯುತ್ತಾ ಕೂರಬೇಡಿ. ಕುಕ್ಕರ್ ಇಡಿ, ಹೊತ್ತು ಕಾಲುಭಾಗ ಹೆಚ್ಚು ಕೊಡಿ.

ಕಣಕವನ್ನು ಊರಿಗಿಂತ ತುಸು ಸಡಿಲವಾಗಿ ಕಲಸಿ, ಚೆನ್ನಾಗಿ ನಾದಿ, ಮೇಲೆ ಎಣ್ಣೆ ಸುರಿದು ತಟ್ಟೆ ಮುಚ್ಚಿ ಮೂರು ಗಂಟೆ ಬಿಡಿ. ಬಟ್ಟೆ ಮುಚ್ಚಿದರೆ ಪಸೆ ಆರಿ ಮೇಲೆ ಪೊರೆ ಕಟ್ಟುತ್ತದೆ, ಆ ಪೊರೆ ಬಿರಿದ ಕಡೆ ಹೂರಣ ಹೊರಬಂದು ಹಂಚಿಗೆ ಹತ್ತುತ್ತದೆ. ಅಮೆರಿಕದ ಮೈದಾಗೆ ಜಿಗುಟು ಹೆಚ್ಚು. ತಟ್ಟಿದ್ದು ಹಿಂದಕ್ಕೆ ಎಳೆದುಕೊಂಡರೆ ಇನ್ನೂ ಒಂದು ಗಂಟೆ ನೆನೆಯಲಿ, ಹಿಟ್ಟು ಸೇರಿಸಬೇಡಿ. ಹೂರಣವನ್ನು ಉಂಡೆ ಕಟ್ಟುವ ಹದಕ್ಕೆ ಸ್ವಲ್ಪ ಮೊದಲೇ ಇಳಿಸಿ, ಉಳಿದ ಪಸೆಯನ್ನು ಗಾಳಿಯೇ ಎಳೆದುಕೊಳ್ಳುತ್ತದೆ. ಬೆಂದ ಹೋಳಿಗೆ ಬಿಸಿ ಆರುತ್ತಿದ್ದಂತೆ ಡಬ್ಬಿ ಸೇರಲಿ. ತಟ್ಟೆಯಲ್ಲಿ ಬಿಟ್ಟು ನೆಂಟರ ದಾರಿ ಕಾದರೆ ಅವರಿಗೆ ಹಪ್ಪಳ ಬಡಿಸಬೇಕಾದೀತು.