ನರಗುಂದದ ಬಂಡಾಯದ ಹಿಂದಿನ ಲೆಕ್ಕಾಚಾರ

1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಹೊತ್ತಿಕೊಂಡ ರೈತ ಬಂಡಾಯದ ಬೆಂಕಿಯನ್ನು ಕೇವಲ ಕಾನೂನು ಸುವ್ಯವಸ್ಥೆಯ ಪ್ರಶ್ನೆಯೆಂದು ನೋಡುವುದು ಅಲ್ಲಿನ ರೈತರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಮಲಪ್ರಭೆಯ ನೀರು ಬರುತ್ತದೆಂದು ನಂಬಿ, ಜೋಳ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಸಾಲ ಮಾಡಿ ವರಲಕ್ಷ್ಮಿ ತಳಿಯ ಹತ್ತಿ ಬಿತ್ತಿದವರಿಗೆ, ಗೊಬ್ಬರ ಮತ್ತು ಔಷಧಿಯ ಖರ್ಚು ಏರುತ್ತಿದ್ದಾಗಲೇ ಹತ್ತಿಯ ಧಾರಣೆ ಕುಸಿಯಿತು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ತಲುಪಲಿಲ್ಲ. ತಲುಪಿದ ಕೆಲವೆಡೆ ಭೂಮಿ ಉಪ್ಪೇರಿ, ನೀರು ನಿಂತು ಸವಳು–ಜವಳಾಯಿತು. ಹೀಗಿರುವಾಗ, ನೀರಾವರಿಯಿಂದ ಜಮೀನಿನ ಬೆಲೆ ಹೆಚ್ಚಿದೆ ಎಂಬ ತರ್ಕದ ಮೇಲೆ ನೀರಿನ ಕರದ ಜೊತೆಗೆ ಅಭಿವೃದ್ಧಿ ಕರವನ್ನೂ ಸರ್ಕಾರ ಕೇಳಿತು. ನೀರನ್ನೇ ಕಾಣದ ಹೊಲದ ಒಡೆಯನಿಗೆ ಆ ನೋಟಿಸು ಹೇಗೆ ಕಂಡಿರಬೇಕು!

ಕಚೇರಿಯ ಬಾಗಿಲಿಗೆ ಅಡ್ಡಲಾಗಿ ಮಲಗಿದ್ದ ರೈತರನ್ನು ತಹಶೀಲ್ದಾರರು ದಾಟಿಕೊಂಡೇ ಒಳಹೋದರೆಂಬ ಮಾತು ಆ ಭಾಗದಲ್ಲಿ ಇಂದಿಗೂ ಕೇಳಿಬರುತ್ತದೆ. ಬಡತನವೊಂದೇ ಜನರನ್ನು ಬೀದಿಗೆ ತರುವುದಿಲ್ಲ. ನಷ್ಟದ ಜೊತೆ ಅವಮಾನವೂ ಸೇರಿದಾಗ ತಾಳ್ಮೆಯ ಕಟ್ಟೆ ಒಡೆಯುತ್ತದೆ. ಗೋಲಿಬಾರಿಗೆ ರೈತರು ಬಲಿಯಾದರು, ಉದ್ರಿಕ್ತ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಎರಡೂ ಕಡೆಯ ಸಾವು ನನ್ನನ್ನು ಸಮನಾಗಿ ನೋಯಿಸುತ್ತದೆ.

ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಆಗಿನ ಮುಖ್ಯಮಂತ್ರಿ ಗುಂಡೂರಾವ್ ಅವರ ಸರ್ಕಾರ ಅಧಿಕಾರ ಕಳೆದುಕೊಂಡಿತು.