ಒಂದು ಗುಡಿ, ಪಾಯದಿಂದ ಕಳಸದವರೆಗೆ

12 ಜನವರಿ 2025, ಭಾನುವಾರ

ಇವತ್ತಿನ ಓದಿಗೆ ಒಂದೇ ಗುಡಿ: ಪಟ್ಟದಕಲ್ಲಿನ ವಿರೂಪಾಕ್ಷ. ಯುಪಿಎಸ್‌ಸಿಗೆ ಕಲೆ-ಸಂಸ್ಕೃತಿ ಓದುವವರು ಸಾಮಾನ್ಯವಾಗಿ ಗುಡಿ, ಅರಸ, ಶೈಲಿ ಅಂತ ಮೂರು ಕಾಲಂ ಹಾಕಿ ಪಟ್ಟಿ ಮಾಡಿಕೊಳ್ಳುತ್ತಾರೆ. ನಲವತ್ತು ಸಾಲು ದಾಟುವ ಹೊತ್ತಿಗೆ ಅದೇ ಊರಿನ ಗಳಗನಾಥ ಯಾವುದು, ಸಂಗಮೇಶ್ವರ ಯಾವುದು ಅಂತ ಕಲಸುಮೇಲೋಗರವಾಗಿರುತ್ತದೆ. ಅದರ ಬದಲು ಒಂದು ಕಟ್ಟಡವನ್ನು ಬಿಡಿಸಿ ಕಲಿತರೆ, ಉಳಿದವು ಅದಕ್ಕಿಂತ ಎಲ್ಲಿ ಬೇರೆ ಅನ್ನುವುದಷ್ಟೇ ನೆನಪಿಟ್ಟರೆ ಸಾಕು.

ಬೇಕಾದದ್ದು ಎರಡು ಬಿಳಿ ಹಾಳೆ, ಪೆನ್ಸಿಲ್, ಎನ್‌ಸಿಇಆರ್‌ಟಿಯ 11ನೇ ತರಗತಿಯ ಕಲಾ ಪಠ್ಯ, ಗುಡಿಯ ಪಕ್ಕದಿಂದ ತೆಗೆದ ಒಂದು ಫೋಟೊ. ಎದುರಿನಿಂದ ತೆಗೆದದ್ದು ಬೇಡ, ಅದರಲ್ಲಿ ಮಂಟಪವೇ ಮುಂದೆ ಬಂದು ವಿಮಾನದ (ಗರ್ಭಗುಡಿ ಮತ್ತು ಅದರ ಮೇಲಿನ ಕಟ್ಟಡದ) ಅರ್ಧ ಕಾಣುವುದಿಲ್ಲ.

ಮೊದಲ ಹಾಳೆಗೆ ತಲವಿನ್ಯಾಸ. ಪೂರ್ವದಿಂದ ಪಶ್ಚಿಮಕ್ಕೆ ಸಾಲಾಗಿ ನಂದಿಮಂಟಪ, ಮುಖಮಂಟಪ, ಸಭಾಮಂಟಪ, ಅಂತರಾಳ (ಗರ್ಭಗೃಹದ ಮುಂದಿನ ಕಿರುಕೋಣೆ), ಗರ್ಭಗೃಹ. ಗರ್ಭಗೃಹದ ಸುತ್ತ ಗೋಡೆಯೊಳಗೇ ಪ್ರದಕ್ಷಿಣೆಯ ದಾರಿ ಇದೆ. ಹೀಗಿದ್ದರೆ 'ಸಾಂಧಾರ', ದಾರಿ ಇಲ್ಲದಿದ್ದರೆ 'ನಿರಂಧಾರ'. ಐದು ನಿಮಿಷಕ್ಕಿಂತ ಹೆಚ್ಚು ಇದಕ್ಕೆ ಬೇಡ.

ಹೊತ್ತು ಕೊಡಬೇಕಾದದ್ದು ಎರಡನೇ ಹಾಳೆಗೆ. ಕೆಳಗಿನಿಂದ ಬರೆಯುತ್ತಾ ಹೋಗಿ. ಮೊದಲು ಅಧಿಷ್ಠಾನ, ಅಂದರೆ ಗುಡಿ ನಿಂತ ಪೀಠ: ನೆಲಕ್ಕೆ ತಾಗಿದ ಉಪಾನ, ಅದರ ಮೇಲೆ ನೇರ ಪಟ್ಟಿ ಜಗತಿ, ಅದರ ಮೇಲೆ ಹೊಟ್ಟೆ ಮುಂದೆ ಬಂದ ಕುಮುದ, ಒಳಕ್ಕೆ ಸರಿದ ಕಂಠ, ಮೇಲೆ ಸೂರಿನ ಹಾಗೆ ಬಾಗಿದ ಕಪೋತ. ಗುಡಿಗೆ ಹೋದಾಗ ಜನ ಕೂರುವುದು, ಕಾಯಿ ಒಡೆಯುವುದು ಈ ಪಟ್ಟಿಗಳ ಮಗ್ಗುಲಲ್ಲೇ, ಹೆಸರು ಮಾತ್ರ ಯಾರಿಗೂ ಬೇಕಾಗಿರುವುದಿಲ್ಲ. ಅದರ ಮೇಲೆ ಭಿತ್ತಿ, ಅಂದರೆ ಗೋಡೆ. ಅರ್ಧಗಂಬಗಳು, ನಡುವೆ ಮೂರ್ತಿ ಇಡುವ ದೇವಕೋಷ್ಠಗಳು. ಮೇಲೆ ಪ್ರಸ್ತರ, ಅಂದರೆ ಗೋಡೆಯ ತಲೆಯ ಮೇಲಿನ ಪಟ್ಟಿ. ಆಮೇಲೆ ಒಂದೊಂದಾಗಿ ಕಿರಿದಾಗುತ್ತ ಹೋಗುವ ತಲಗಳು (ಅಂತಸ್ತುಗಳು), ಅವುಗಳ ಅಂಚಿಗೆ ಪುಟ್ಟ ಗುಡಿಗಳನ್ನು ಪೋಣಿಸಿದಂತೆ ಹಾರ. ತುದಿಯಲ್ಲಿ ಗ್ರೀವ (ಕೊರಳು), ಶಿಖರ, ಸ್ತೂಪಿ (ಕಳಸ). ಮುಂಭಾಗಕ್ಕೆ, ಅಂತರಾಳದ ಮೇಲೆ ಮೂಗಿನಂತೆ ಚಾಚಿದ್ದು ಶುಕನಾಸಿ.

ಹೆಚ್ಚಿನವರು ಎಡವುವುದು 'ಶಿಖರ' ಎಂಬ ಪದದಲ್ಲಿ. ಉತ್ತರ ಭಾರತದ ಶೈಲಿಯಾದ ನಾಗರದಲ್ಲಿ ಗರ್ಭಗುಡಿಯ ಮೇಲೆ ಎದ್ದ ಇಡೀ ಭಾಗಕ್ಕೆ ಶಿಖರ ಅನ್ನುತ್ತಾರೆ. ದಕ್ಷಿಣದ ಶೈಲಿಯಾದ ದ್ರಾವಿಡದಲ್ಲಿ (ವಿರೂಪಾಕ್ಷ ಇದೇ ಶೈಲಿಯದು) ಗ್ರೀವದ ಮೇಲಿನ ಟೊಪ್ಪಿಗೆಗೆ ಮಾತ್ರ ಆ ಹೆಸರು, ಇಡೀ ಕಟ್ಟಡ ವಿಮಾನ. ಒಂದೇ ಪದಕ್ಕೆ ಎರಡು ಅಳತೆ ಇರುವುದರಿಂದ 'ದ್ರಾವಿಡ ಗುಡಿಯಲ್ಲಿ ಶಿಖರವೆಂದರೆ ತುದಿಯ ಭಾಗ' ಎಂಬ ಸರಿ ಹೇಳಿಕೆಗೇ ತಪ್ಪು ಗುರುತು ಹಾಕಿಬಿಡುತ್ತಾರೆ. ಇನ್ನೊಂದು ಎಡವಟ್ಟು ಗೋಪುರದ್ದು. ಗೋಪುರ ಇರುವುದು ಪ್ರಾಕಾರದ (ಸುತ್ತುಗೋಡೆಯ) ಬಾಗಿಲ ಮೇಲೆ, ದೇವರ ತಲೆಯ ಮೇಲಲ್ಲ. ಮಾತಿನಲ್ಲಿ ಎಲ್ಲದಕ್ಕೂ ಗೋಪುರ ಅಂದು ಅಭ್ಯಾಸವಾಗಿ ಕನ್ನಡದವರಿಗೆ ಇಲ್ಲಿ ತುಸು ಹೆಚ್ಚೇ ತೊಡಕು.

ಈಗ ಅದೇ ಹಾಳೆಯಲ್ಲಿ ಪಕ್ಕಕ್ಕೆ ಗಳಗನಾಥವನ್ನು ಬರೆಯಿರಿ. ಹಾರ ಕಟ್ಟಿದ ತಲಗಳ ಮೆಟ್ಟಿಲು ಇಲ್ಲ, ಗೆರೆ ಬಾಗುತ್ತಾ ಒಂದೇ ಸಮ ಮೇಲೇರುತ್ತದೆ, ಅದಕ್ಕೇ ರೇಖಾನಾಗರ ಅನ್ನುವುದು. ತುದಿಗೆ ಆಮಲಕ. ಆಮಲಕ ಅಂದರೆ ನಮ್ಮ ನೆಲ್ಲಿಕಾಯಿಯೇ, ಅಂಚಿಗೆ ಗೀರು ಹಾಕಿದ ಚಪ್ಪಟೆ ಗಾಲಿ. ಕಾಶಿವಿಶ್ವನಾಥ, ಜಂಬುಲಿಂಗ, ಕಾಡಸಿದ್ಧೇಶ್ವರ ಇದೇ ಸಾಲಿಗೆ. ಸಂಗಮೇಶ್ವರ, ಮಲ್ಲಿಕಾರ್ಜುನ ವಿರೂಪಾಕ್ಷದ ಸಾಲಿಗೆ. ಪಾಪನಾಥದಲ್ಲಿ ಮೇಲೆ ನಾಗರ ಶಿಖರ, ಗೋಡೆಯ ಮೇಲೆ ದ್ರಾವಿಡದ ಹಾರ. ಪಟ್ಟಿಯಲ್ಲಿ ಹತ್ತು ಸಾಲು ತಿನ್ನುತ್ತಿದ್ದದ್ದು ಎರಡು ಚಿತ್ರದಲ್ಲಿ ಮುಗಿಯಿತು.

ವೇಸರದ ಬಗ್ಗೆ ಒಂದು ಮಾತು. ನಾಗರ, ದ್ರಾವಿಡ ಬೆರೆತದ್ದು ವೇಸರ ಎಂಬ ಪಠ್ಯದ ಸಾಲು ಮೊದಲ ಹಂತದ ಪರೀಕ್ಷೆಯಾದ ಪ್ರಿಲಿಮ್ಸ್‌ಗೆ ಸಾಕು. ಆದರೆ ಪಟ್ಟದಕಲ್ಲಿನಲ್ಲಿ ಎರಡೂ ಬಹುಮಟ್ಟಿಗೆ ಅಕ್ಕಪಕ್ಕ ನಿಂತಿವೆ, ಬೆರೆತದ್ದು ಕಡಿಮೆ. ಬೆರಕೆ ಹದಕ್ಕೆ ಬಂದದ್ದು ಕಲ್ಯಾಣ ಚಾಲುಕ್ಯರಲ್ಲಿ, 1112ರ ಇಟಗಿಯ ಮಹಾದೇವ ಗುಡಿಯಂಥವುಗಳಲ್ಲಿ. ಆಮೇಲೆ ಹೊಯ್ಸಳರ ನಕ್ಷತ್ರಾಕಾರದ ಗುಡಿಗಳಲ್ಲಿ. ಮೇನ್ಸ್ (ಮುಖ್ಯ ಪರೀಕ್ಷೆ) ಉತ್ತರದಲ್ಲಿ ಇದನ್ನು ಒಂದು ವಾಕ್ಯದಲ್ಲಿ ಹೇಳಿದರೆ ಪಟ್ಟಿ ಒಪ್ಪಿಸುವವರಿಂದ ನೀವು ಬೇರೆಯಾಗುತ್ತೀರಿ.

ಕಲ್ಲನ್ನೂ ಬರೆದಿಟ್ಟುಕೊಳ್ಳಿ: ಮಲಪ್ರಭೆಯ ದಂಡೆಯಲ್ಲಿ ಮರಳುಗಲ್ಲು, ಬೇಲೂರು-ಹಳೇಬೀಡಿನಲ್ಲಿ ಬಳಪದ ಕಲ್ಲು, ಹಂಪಿಯಲ್ಲಿ ಗ್ರಾನೈಟ್. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿ ತಾಗಿದ ಮೇಲೆ ಗಟ್ಟಿ. ಹೊಯ್ಸಳರ ಒಡವೆಗೆಲಸದ ಗುಟ್ಟು ಬಹುಪಾಲು ಇದೇ.

ಇನ್ನು ಯಾರು, ಯಾವಾಗ. ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ 740ರ ಸುಮಾರಿಗೆ ಕಟ್ಟಿಸಿದ್ದು. ಗುಡಿಯ ಹಳೆಯ ಹೆಸರು ಲೋಕೇಶ್ವರ, ಪ್ರಶ್ನೆಯಲ್ಲಿ ಹಾಗೆಯೂ ಬರಬಹುದು. ಪಕ್ಕದ ಮಲ್ಲಿಕಾರ್ಜುನ ತ್ರೈಲೋಕ್ಯಮಹಾದೇವಿಯದು. ಗೆದ್ದ ಅರಸ ಕಂಚಿಯನ್ನು ಸುಲಿಯಲಿಲ್ಲ, ಅಲ್ಲಿನ ಕೈಲಾಸನಾಥ ಗುಡಿಯ ಸಂಪತ್ತನ್ನು ಮರಳಿ ಅದಕ್ಕೇ ಬಿಟ್ಟ. ಅದನ್ನು ಹೇಳುವ ಕನ್ನಡ ಶಾಸನ ಇಂದಿಗೂ ಆ ಗುಡಿಯಲ್ಲಿದೆ. ಪಲ್ಲವರ ಕೈಲಾಸನಾಥದ ಛಾಯೆ ವಿರೂಪಾಕ್ಷದಲ್ಲಿ, ವಿರೂಪಾಕ್ಷದ್ದು ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದ ಎಲ್ಲೋರದ ಕೈಲಾಸದಲ್ಲಿ, ಅಂದರೆ 16ನೇ ಗುಹೆಯಲ್ಲಿ. ಮೂರು ರಾಜಮನೆತನ, ಮೂರು ಊರು, ಒಂದೇ ಎಳೆ. ಎಲ್ಲೋರದ್ದು ಕಟ್ಟಿದ್ದಲ್ಲ, ಮೇಲಿನಿಂದ ಕೆಳಕ್ಕೆ ಕಡೆದದ್ದು ಎಂಬುದನ್ನು ಬಿಡಬೇಡಿ.

ಹೆಸರಿನ ಗೊಂದಲಕ್ಕೆ ಮದ್ದು: ಇಮ್ಮಡಿ ಪುಲಕೇಶಿಗೂ ಈ ಗುಡಿಗೂ ನೂರು ವರ್ಷದ ಅಂತರ, ನಡುವೆ 642ರಲ್ಲಿ ಪಲ್ಲವರು ಬಾದಾಮಿಯನ್ನೇ ಹಿಡಿದಿದ್ದರು. ಆರನೇ ವಿಕ್ರಮಾದಿತ್ಯ ಕಲ್ಯಾಣದವನು, ಪಟ್ಟಕ್ಕೆ ಬಂದದ್ದು 1076ರಲ್ಲಿ. ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಬಾದಾಮಿ ವಾತಾಪಿಯಾಗಿ, ಪುಲಕೇಶಿ ಪುಲಕೇಶಿನ್ ಆಗಿ, ನೃಪತುಂಗ ಅಮೋಘವರ್ಷನಾಗಿ ಎದುರಾಗುತ್ತಾರೆ. ಮೇನ್ಸನ್ನು ಕನ್ನಡದಲ್ಲಿ ಬರೆಯುವವರಿಗೂ ಪ್ರಶ್ನೆ ಸಿಗುವುದು ಹಿಂದಿ, ಇಂಗ್ಲಿಷಿನಲ್ಲೇ. ಹಾಗಾಗಿ ಪಾರಿಭಾಷಿಕ ಪದದ ಎದುರು ಇಂಗ್ಲಿಷ್ ಕಾಗುಣಿತವನ್ನೂ ಬರೆದಿಟ್ಟುಕೊಳ್ಳಬೇಕು.

ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತವರ್ಷ ಅಂತ ಎಲ್ಲರಿಗೂ ಗೊತ್ತು. ಹಾಗಾದರೆ ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿಯ ಐಹೊಳೆ ಶಾಸನಕ್ಕೆ 634-35 ಅಂತ ಜೋಡಿ ಇಸವಿ ಯಾಕೆ? ಶಕವರ್ಷ ಶುರುವಾಗುವುದು ಯುಗಾದಿಗೆ. ಯುಗಾದಿಯಿಂದ ಡಿಸೆಂಬರ್ ತನಕ 78, ಜನವರಿಯಿಂದ ಮುಂದಿನ ಯುಗಾದಿ ತನಕ 79. ಶಾಸನದ ಶಕ 556ಕ್ಕೆ ಅದನ್ನೇ ಹಾಕಿ ನೋಡಿ.

ಅಂಕದ ಲೆಕ್ಕ. ಪ್ರಿಲಿಮ್ಸ್ ಮೊದಲ ಪತ್ರಿಕೆಯಲ್ಲಿ 100 ಪ್ರಶ್ನೆ, ತಲಾ 2 ಅಂಕ, ತಪ್ಪಿಗೆ ಮೂರನೇ ಒಂದು ಭಾಗ ಕಡಿತ. ಏನೂ ಗೊತ್ತಿಲ್ಲದೆ ಗುರುತು ಹಾಕುತ್ತಾ ಹೋದರೆ ಸರಾಸರಿ ಸೊನ್ನೆ. ಎರಡು ಆಯ್ಕೆಯನ್ನು ಖಚಿತವಾಗಿ ತೆಗೆದುಹಾಕಿ ಹಾಕಿದರೆ ಪ್ರಶ್ನೆಗೆ ಸರಾಸರಿ 0.67 ಲಾಭ. ಆದರೆ 'ಮೇಲಿನವುಗಳಲ್ಲಿ ಎಷ್ಟು ಸರಿ' ಎಂಬ ಮಾದರಿ 2023ರಲ್ಲಿ ಧಾರಾಳವಾಗಿ ಬಂತು. ಅಲ್ಲಿ ಈ ಜಾಣತನ ನಡೆಯುವುದಿಲ್ಲ, ಪ್ರತಿ ಹೇಳಿಕೆಯೂ ಗೊತ್ತಿರಬೇಕು.

ಮೇನ್ಸ್ ಜಿಎಸ್ (ಸಾಮಾನ್ಯ ಅಧ್ಯಯನ) ಒಂದರಲ್ಲಿ 180 ನಿಮಿಷಕ್ಕೆ 20 ಪ್ರಶ್ನೆ. 10 ಅಂಕದ ಹತ್ತಕ್ಕೆ ಏಳೇಳು ನಿಮಿಷ, 15 ಅಂಕದ ಹತ್ತಕ್ಕೆ ಹನ್ನೊಂದು, ಅಲ್ಲಿಗೆ ಸರಿಹೋಯಿತು. ಏಳು ನಿಮಿಷದಲ್ಲಿ ಚಿತ್ರಕ್ಕೆ ಒಂದು ನಿಮಿಷವಷ್ಟೇ ಕೊಡಬಹುದು. ಆದ್ದರಿಂದ ಇವತ್ತಿನ ಎರಡನೇ ಹಾಳೆಯನ್ನು ಹನ್ನೆರಡು ಗೆರೆಗೆ ಇಳಿಸಿ, ಗಡಿಯಾರ ಇಟ್ಟು ಐದು ಸಲ ಬರೆಯಬೇಕು. ಚೆಂದ ಬೇಡ, ಹೆಸರು ಬರೆದ ಬಾಣದ ಗುರುತು ಸರಿಯಾದ ಪಟ್ಟಿಗೆ ತಾಗಿದರಾಯಿತು.

ನಾಳೆಗೆ ಅಶೋಕನ ಶಾಸನಗಳು. 'ರಾಣ್ಯೋ ಅಶೋಕ' (ರಾಜ ಅಶೋಕ) ಎಂಬ ಬರಹ ಅವನ ಶಿಲ್ಪದ ಜೊತೆ ಎಲ್ಲಿದೆ ಅಂತ 2019ರಲ್ಲಿ ಕೇಳಿದ್ದರು. ಆಯ್ಕೆಯಲ್ಲಿ ಸಾಂಚಿ ಕಂಡ ಕೂಡಲೇ ಕೈ ಅತ್ತ ಹೋಗುತ್ತದೆ, ಉತ್ತರ ಮಾತ್ರ ಸನ್ನತಿಯ ಪಕ್ಕದ ಕನಗನಹಳ್ಳಿ. ಜೊತೆಗೆ ಬ್ರಹ್ಮಗಿರಿ. ಅಲ್ಲಿ ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ಕೊನೆಗೆ ಲಿಪಿಕಾರ ಚಪಡ ತನ್ನ ಕಸುಬಿನ ಹೆಸರನ್ನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಚಿತ್ರದುರ್ಗದ ಸೀಮೆಯಲ್ಲಿ ವಾಯವ್ಯದ ಲಿಪಿ ಹೇಗೆ ಬಂತು ಅನ್ನುವುದರಿಂದಲೇ ಶುರು.