ಪುಷ್ಯದ ಅಮಾವಾಸ್ಯೆ, ಪುರಂದರ ಮಂಟಪ

ಪುಷ್ಯ ಬಹುಳ ಅಮಾವಾಸ್ಯೆ ಪುರಂದರದಾಸರ ಆರಾಧನೆಯ ದಿನ. 1564ರ ರಕ್ತಾಕ್ಷಿ ಸಂವತ್ಸರದಲ್ಲಿ, ಇದೇ ತಿಥಿಯಂದು ಅವರು ಹಂಪಿಯಲ್ಲಿ ದೇಹವನ್ನು ಬಿಟ್ಟರೆಂಬುದು ಪರಂಪರೆಯ ನಂಬಿಕೆ. ವಿಜಯವಿಠ್ಠಲ ದೇವಾಲಯಕ್ಕೆ ಸಮೀಪದಲ್ಲಿ, ತುಂಗಭದ್ರೆಯ ದಂಡೆಯಲ್ಲಿ, ಅವರ ಹೆಸರಿನ ಕಲ್ಲುಮಂಟಪವಿದೆ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಮುಳುಗಿಹೋಗುವ ಈ ಮಂಟಪ ಪುಷ್ಯಮಾಸದ ಹೊತ್ತಿಗೆ ಮತ್ತೆ ತನ್ನ ಕಂಬಗಳೊಡನೆ ಬಯಲಿಗೆ ಬಂದಿರುತ್ತದೆ. ವಿಜಯನಗರ ಕಾಲದ ಸೇತುವೆಯೊಂದರ ಕಲ್ಲುಕಂಬಗಳೂ ಅಲ್ಲಿಯೇ ಹತ್ತಿರದಲ್ಲಿ ಕಾಣುತ್ತವೆ. ಚಳಿಯಲ್ಲೇ ನದಿಗಿಳಿದು ಮಿಂದು, ಮಡಿಯುಟ್ಟು, ತಂಬೂರಿಯ ಶ್ರುತಿಗೆ ದೇವರನಾಮಗಳನ್ನು ಹಾಡುವುದಕ್ಕಿಂತ ಹೆಚ್ಚಿನ ಸೇವೆಯನ್ನು ಆ ದಿನ ಯಾರೂ ಬಯಸಲಾರರು.

ಆದರೆ ಹಾಡುವವನನ್ನೇ ಹಿಡಿದು ವಿಚಾರಿಸುವ ಕೃತಿಯೊಂದು ದಾಸರಲ್ಲಿದೆ.

ಉದಯಕಾಲದಲೆದ್ದು ಗಡಗಡ ನಡುಗುತ
ನದಿಯಲಿ ಮಿಂದೆನೆಂದು ಹಿಗ್ಗುತಲಿ
ಮದ ಮತ್ಸರ ಕ್ರೋಧ ಒಳಗೆ ತುಂಬಿಟ್ಟುಕೊಂಡು
ಬದಿಯಲಿದ್ದವರಿಗಾಶ್ಚರ್ಯ ತೋರುವುದು

ಇದು ‘ಉದರವೈರಾಗ್ಯವಿದು’ ಎಂಬ ಕೀರ್ತನೆಯ ಮೊದಲ ಚರಣ; ಉದರವೈರಾಗ್ಯವೆಂದರೆ ಹೊಟ್ಟೆಪಾಡಿಗಾಗಿ ತೋರುವ ವೈರಾಗ್ಯ. ತಲೆಗೂದಲಿನ ನೀರು ಇನ್ನೂ ಆರದಿರುವಾಗ ಇದನ್ನು ಹಾಡುವುದು ಸುಲಭವಲ್ಲ. ನಡುಗಿದ್ದು ನಿಜ, ಮಿಂದದ್ದು ನಿಜ, ದಡದಲ್ಲಿ ನಿಂತವರು ನೋಡಿದರೇ ಎಂದು ಓರೆಗಣ್ಣು ಒಮ್ಮೆ ಅತ್ತ ಹರಿದದ್ದೂ ನಿಜ. ದಾಸರು ಹಿಡಿದದ್ದು ಆ ಓರೆಗಣ್ಣನ್ನೇ. ದೇವರ ಮುಂದೆ ನಿಂತಾಗಲೂ ಮನುಷ್ಯನು ಪಕ್ಕದವರನ್ನು ಮರೆಯಲಾರನೆಂಬುದನ್ನು ಇಷ್ಟು ಚಿಕ್ಕ ಚಿತ್ರದಲ್ಲಿ ತೋರಿಸಿದವರು ಕಡಿಮೆ. ಮುಂದಿನ ಚರಣದಲ್ಲಿ ಅವರು ಮನೆಯೊಳಗಿನ ಪೂಜೆಗೂ ಕಣ್ಣು ಹಾಯಿಸುತ್ತಾರೆ: ಕಂಚುಗಾರನ ಬಿಡಾರದಂತೆ ಕಂಚು ಹಿತ್ತಾಳೆಯ ಪ್ರತಿಮೆಗಳನ್ನು ನೆರಹಿ, ಮಿಂಚಬೇಕೆಂದು ಬಹಳ ಜ್ಯೋತಿಗಳನ್ನು ಹಚ್ಚಿ ಮಾಡುವ ಪೂಜೆ ಅದು. ದೇವರಮನೆಯ ಅಲಂಕಾರ ಮುಗಿದೊಡನೆ ಮೊಬೈಲಿನಲ್ಲಿ ಚಿತ್ರ ತೆಗೆದು ನಾಲ್ಕು ಮಂದಿಗೆ ಕಳುಹಿಸುವ ನಮಗೆ ಈ ಸಾಲು ನಿನ್ನೆ ಬರೆದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಇಂತಹ ಕೀರ್ತನೆಗಳನ್ನು ಸಮಾಜವಿಮರ್ಶೆಯೆಂದು ಕರೆದು ಭಕ್ತಿಯಿಂದ ಬೇರೆಯಾಗಿಡುವ ರೂಢಿಯೊಂದಿದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ವಿಮರ್ಶಕನು ದಡದಲ್ಲಿ ಒಣಬಟ್ಟೆಯುಟ್ಟು ನಿಂತು ನಗಬಲ್ಲನು. ದಾಸರಾದರೋ ತಾವೇ ನೀರಿಗಿಳಿದವರು. ಹೊರಗಿನ ಆಚಾರವನ್ನೇ ಬಿಟ್ಟುಬಿಡಿರೆಂದು ಈ ಹಾಡು ಎಲ್ಲಿಯೂ ಹೇಳುವುದಿಲ್ಲ. ಅದರ ಕೊನೆಯ ಚರಣವು ‘ನಾನು’ ಎಂಬುದನ್ನು ಬಿಟ್ಟು, ಜ್ಞಾನಿಗಳೊಡಗೂಡಿ, ಆಗುವುದೆಲ್ಲ ಹರಿಯ ಪ್ರೇರಣೆಯೆಂದು ಧ್ಯಾನಿಸಿ ಪುರಂದರವಿಠಲನನ್ನು ಕಾಣದೆ ಮಾಡಿದ ಕಾರ್ಯಗಳನ್ನೆಲ್ಲ ಉದರವೈರಾಗ್ಯವೆನ್ನುತ್ತದೆ. ಸ್ನಾನವೂ ಜಪವೂ ದೀಪವೂ ಉಳಿಯುತ್ತವೆ. ಹೋಗಬೇಕಾದದ್ದು ಅವುಗಳ ಮೇಲೆ ಒಡೆತನ ಸಾಧಿಸಲು ಕುಳಿತವನು.

ಈ ಒಡೆತನದ ರುಚಿ ಎಂಥದೆಂದು ತಿಳಿಯಲು ದಾಸರು ಬೇರೆಯವರ ಮನೆಗೆ ಹೋಗಬೇಕಾಗಿರಲಿಲ್ಲ. ಅವರು ಮೊದಲು ಶ್ರೀನಿವಾಸ ನಾಯಕರೆಂಬ ಸಿರಿವಂತ ವರ್ತಕರು, ‘ನವಕೋಟಿ ನಾರಾಯಣ’ ಎನಿಸಿಕೊಂಡವರು. ಬಡ ಬ್ರಾಹ್ಮಣನ ವೇಷದಲ್ಲಿ ಬಂದವನಿಗೆ ಪತ್ನಿ ಸರಸ್ವತಿಬಾಯಿ ಮೂಗುತಿಯನ್ನು ಕೊಟ್ಟ ಕಥೆಯನ್ನು ಕನ್ನಡಿಗರಿಗೆ ಮತ್ತೆ ಹೇಳಬೇಕಾಗಿಲ್ಲ. ನನ್ನ ಮನಸ್ಸು ನಿಲ್ಲುವುದು ಅದರ ಅನಂತರ ಅವರು ತಮ್ಮನ್ನು ಕುರಿತು ಹಾಡಿಕೊಂಡದ್ದರಲ್ಲಿ. ‘ಆದದ್ದೆಲ್ಲ ಒಳಿತೇ ಆಯಿತು’ ಎಂಬ ಕೃತಿಯಲ್ಲಿ, ದಾಸರ ಗುರುತಾದ ದಂಡಿಗೆ ಬೆತ್ತ ಹಿಡಿಯಲು ನಾಚುತ್ತಿದ್ದೆನೆಂದು, ಭಿಕ್ಷೆಯ ಗೋಪಾಳಬುಟ್ಟಿ ಹಿಡಿಯಲು ಭೂಪತಿಯೆಂಬ ಗರ್ವ ಅಡ್ಡಬರುತ್ತಿತ್ತೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ‘ಹೆಂಡತಿ ಸಂತತಿ ಸಾವಿರವಾಗಲಿ’ ಎಂದು ಪತ್ನಿಯನ್ನು ಹರಸುತ್ತಾರೆ. ಹಣವನ್ನು ಬಿಟ್ಟವನಿಗೆ ಮುಂದೆ ಕಾದಿರುವುದು ಹಣ ಬಿಟ್ಟೆನೆಂಬ ಹೆಮ್ಮೆ, ಮತ್ತು ಅದು ಮೊದಲಿನದಕ್ಕಿಂತ ಸೂಕ್ಷ್ಮವಾದದ್ದು. ಗುರುಗಳಾದ ವ್ಯಾಸರಾಯರೇ ‘ದಾಸರೆಂದರೆ ಪುರಂದರದಾಸರಯ್ಯ’ ಎಂದು ಹಾಡಿದ ಮೇಲಂತೂ ಆ ಹೆಮ್ಮೆಗೆ ಎಷ್ಟು ದೊಡ್ಡ ಬಾಗಿಲು ತೆರೆದಿರಬೇಕು! ಉದರವೈರಾಗ್ಯದ ಹಾಡು ಆ ಬಾಗಿಲಿಗೆ ಒಳಗಿನಿಂದ ಹಾಕಿದ ಅಗುಳಿಯೆಂದೇ ನಾನು ತಿಳಿದಿದ್ದೇನೆ.

ಗೋಷ್ಠಿಗಾಯನದಲ್ಲಿ ಇದನ್ನು ಹಾಡುವಾಗ ಪ್ರತಿ ಚರಣದ ತುದಿಗೂ ಪಲ್ಲವಿ ಮರಳಿ ಬರುತ್ತದೆ, ಪದುಮನಾಭನಲ್ಲಿ ಲೇಶ ಭಕುತಿಯಿಲ್ಲವೆಂದು ಎಲ್ಲರೂ ಒಟ್ಟಾಗಿ ಹೇಳಬೇಕಾಗುತ್ತದೆ. ಆಗ ಯಾರೂ ಯಾರನ್ನೂ ಬೆರಳುಮಾಡಿ ತೋರಿಸಲಾರರು. ಪಕ್ಕದವರ ಬಾಯಲ್ಲಿಯೂ ಅದೇ ಮಾತು. ಏಕಾಂತದಲ್ಲಿ ಓದಿದಾಗ ಬೇರೆಯವರನ್ನು ಕುರಿತ ವ್ಯಂಗ್ಯದಂತೆ ತೋರುವ ಸಾಲುಗಳು ಸಾಮೂಹಿಕವಾಗಿ ಹಾಡಿದಾಗ ಪ್ರಾರ್ಥನೆಯಾಗುವುದನ್ನು ಕಂಡು ನಾನು ಈ ಆರಾಧನೆಗೆ ಮನಸೋತಿದ್ದೇನೆ.

ಗಾಯನ ಮುಗಿದ ಮೇಲೆ ಆರಾಧನೆಗಳಲ್ಲಿ ಅನ್ನಸಂತರ್ಪಣೆಯಿರುತ್ತದೆ. ಉದರವೈರಾಗ್ಯವನ್ನು ಗಟ್ಟಿಯಾಗಿ ಹಾಡಿದವರೇ ಪಂಕ್ತಿಯಲ್ಲಿ ಕುಳಿತು ಪಾಯಸಕ್ಕೆ ಎಲೆಯಲ್ಲಿ ಜಾಗ ಮಾಡಿಕೊಳ್ಳುವುದನ್ನು ನೋಡಿ ಯಾರಿಗಾದರೂ ನಗು ಬಂದರೆ ದಾಸರೂ ನಗುತ್ತಿದ್ದರೆಂದೇ ನನ್ನ ಎಣಿಕೆ. ‘ಮಧುಕರ ವೃತ್ತಿ ಎನ್ನದು, ಅದು ಬಲು ಚೆನ್ನದು’ ಎಂದು ಹಾಡಿಕೊಂಡು, ಮನೆಮನೆಯ ಬಾಗಿಲಲ್ಲಿ ನಿಂತು ಬುಟ್ಟಿಗೆ ಬಿದ್ದದ್ದನ್ನು ಹರಿಯ ಪ್ರಸಾದವೆಂದು ಉಂಡವರಿಗೆ ಹಸಿವಿನ ಮೇಲೆ ಎಂದೂ ಸಿಟ್ಟಿರಲಿಲ್ಲ.